ಬರೇ ಒಂದ ಸಹಿ, ಅಷ್ಟ

ನಮ್ಮ ಕಡೆ ಹೆಣ್ಣಮಕ್ಕಳ ಸಹಿಗೆ ಮೊದ್ಲೆಲ್ಲಾ ಭಾಳ ಕೆಲಸ ಇರ್ತಿದ್ದಿಲ್ಲ. ಅಪ್ಪ ಊರಾಗ ಇಲ್ಲದಾಗ ಮಕ್ಕಳ ಮಾರ್ಕ್ಸ್ ಕಾರ್ಡಿನ ಮ್ಯಾಲೆ ಒಂದು, ಬ್ಯಾಂಕಿನ ಲಾಕರ್ ತಗಿಯೂ ಮುಂದ ಒಂದು, ಮನಿ ನಮ್ಮ ಹೆಸರಿಲೆ ಇದ್ರ ಖರೇದಿ ಪತ್ರದ ಮ್ಯಾಲೆ ಒಂದು. ಈಗ ಹತ್ತ ಹದಿನೈದ ವರ್ಷದಿಂದ ಅದಕ್ಕ ಇನ್ನೊಂದು ಕೆಲಸ ಹತ್ಯದ. ಮಗಾ, ಇಲ್ಲಾ ಗಂಡ, ಇಲ್ಲಾ ಭಾವನ ಮಗಾ ಕಂಪನಿ ತಗೀತಾನ. ಪ್ರೈವೇಟ್ ಲಿಮಿಟೆಡ್. ಅದಕ್ಕ ಇಬ್ಬರು ಡೈರೆಕ್ಟರ್ ಬೇಕು. ಒಬ್ಬಂವ ಅಂವನ. ಇನ್ನೊಬ್ಬರು ಯಾರು ಅಂದ್ರ ಅಡಗಿ ಮನ್ಯಾಗಿಂದ ಕೈ ಒರಸಿಗೋತ ಬರೂ ಅವ್ವ, ಇಲ್ಲಾ ಹೆಂಡ್ತಿ. "ಬರೇ ಒಂದ ಸಹಿ, ಅಷ್ಟ" ಅಂತ ಹೇಳಿ ಪೆನ್ನು ಕೈಯಾಗ ಕೊಡ್ತಾನ.

ನನ್ನ ಅಭಿಪ್ರಾಯ ಮೊದ್ಲ ಹೇಳಿಬಿಡ್ತೀನಿ, ಆಮ್ಯಾಲೆ ಜಗಳಾಡ್ರಿ ಬೇಕಾದ್ರ. ಆ ಸಹಿ ಅರಿಶಿಣ ಕುಂಕುಮ ಕೊಟ್ಟಂಗ ಅಲ್ಲ, ಬಂದವರಿಗೆಲ್ಲಾ ಕೊಡ್ಲಿಕ್ಕೆ. ಕಂಪನ್ಯಾಗ ನಿಮ್ಮ ಹೆಸರು ಬೇಕಂದ್ರ ನಿಮಗ ಪಾಲೂ ಬೇಕು, ಕಾಗದಾ ಓದೂ ಹಕ್ಕೂ ಬೇಕು. ಎರಡೂ ಕೊಡೂದಿಲ್ಲಂದ್ರ ಸಹಿ ಮಾಡಬ್ಯಾಡ್ರಿ. ಮಗಾ ಸಿಟ್ಟಾಗ್ತಾನ, ಆಗ್ಲಿ. ನಾಲ್ಕ ದಿವಸ ಮುಖಾ ಊದಿಸಿಗೊಂಡು ಅಡ್ಡಾಡಿ ಐದನೇ ದಿವಸ ಊಟಕ್ಕ ಬರ್ತಾನ.

ಇದನ್ನ ನಾ ಹೇಳ್ಲಿಕ್ಕೆ ಕಾರಣ ಅದ. ಹುಬ್ಬಳ್ಳ್ಯಾಗ ಒಂದು ಆಡಿಟರ್ ಆಫೀಸಿನ್ಯಾಗ 22 ವರ್ಷ ಕೆಲಸ ಮಾಡೇನಿ. ನಾ ಸಿಎ ಅಲ್ಲ, ವಕೀಲಳೂ ಅಲ್ಲ. ಫಾರ್ಮು ತುಂಬೂದು, ಕಾಗದಾ ಜೋಡಸೂದು, ಸಹಿ ತಗೋಳೂದು, ಇದ ನನ್ನ ಕೆಲಸ. ಎಷ್ಟ ಮಂದಿ ಅವ್ವಂದ್ರು, ಎಷ್ಟ ಮಂದಿ ಸೊಸ್ತ್ಯಾರು ನನ್ನ ಟೇಬಲ್ ಮುಂದ ಕೂತು "ಎಲ್ಲೆ ಮಾಡ್ಲಿ?" ಅಂತ ಕೇಳ್ಯಾರ, ಲೆಕ್ಕ ಇಲ್ಲ. "ಯಾಕ ಮಾಡ್ಲಿ?" ಅಂತ ಕೇಳಿದವರು ಒಂದ ಕೈ ಬೊಟ್ಟಿನ್ಯಾಗ ಎಣಸೂವಷ್ಟು.

ಮೊದ್ಲ ಕಂಪನಿ ಅಂದ್ರ ಏನು ನೋಡೂಣು. ಕಾಯ್ದೆ ಪ್ರಕಾರ ಅದು ಒಂದು ಬ್ಯಾರೆ ಮನಶ್ಯಾ ಇದ್ದಂಗ. ಅದಕ್ಕ ಹುಟ್ಟಿದ ತಾರೀಖು ಅದ, ಹೆಸರದ, ಪ್ಯಾನ್ ಕಾರ್ಡ್ ಅದ, ಬ್ಯಾಂಕಿನ್ಯಾಗ ಖಾತೆ ಅದ. ಊಟಾ ಒಂದ ಬೇಡೂದಿಲ್ಲ. ಆಸ್ತಿ ಅದರ ಹೆಸರಿಲೆ, ಸಾಲಾನೂ ಅದರ ಹೆಸರಿಲೆ. ನಮ್ಮ ಕೂಸಿಗೆ ತೊಟ್ಟಲದಾಗ ಹಾಕಿ ಕಿವ್ಯಾಗ ಹೆಸರ ಹೇಳ್ತೀವಲ್ಲಾ, ಕಂಪನಿಗೆ ಆ ಶಾಸ್ತ್ರ ಹರಿಯಾಣಾದ ಮಾನೇಸರದಾಗ ಆಗ್ತದ. ದೇಶದ ಎಲ್ಲಾ ಹೊಸ ಕಂಪನಿ ಅರ್ಜಿ ನೋಡೂ ಕಚೇರಿ ಅಲ್ಲೇ ಅದ. ಹುಟ್ಟಿದ ಮ್ಯಾಲೆ ನಮ್ಮ ಕರ್ನಾಟಕದ ಕಂಪನಿಗಳ ಜಾತಕಾ ಎಲ್ಲಾ ಬೆಂಗಳೂರಿನ ರಿಜಿಸ್ಟ್ರಾರ್ ಕಚೇರ್ಯಾಗ.

ಮೊದ್ಲ ಇದು ದೊಡ್ಡ ಮಂದಿ ಆಟ ಇತ್ತು. ಪ್ರೈವೇಟ್ ಕಂಪನಿಗೆ ಕಮ್ಮೀತ ಕಮ್ಮಿ ಒಂದು ಲಕ್ಷ ಬಂಡವಾಳ ಇರಬೇಕು ಅಂತ ನಿಯಮ ಇತ್ತು. 2015ರಾಗ ಅದನ್ನ ತಗದ್ರು. ಈಗ ಸ್ಪೈಸ್ ಪ್ಲಸ್ ಅಂತ ಒಂದ ಆನ್‌ಲೈನ್ ಅರ್ಜಿ, ಹೆಸರು ಕಾಯ್ದಿರಿಸಲಿಕ್ಕೆ ಸಾವಿರ ರೂಪಾಯಿ, ಅದ ಅರ್ಜ್ಯಾಗ ಪ್ಯಾನ್, ಟ್ಯಾನ್ ಎಲ್ಲಾ ಬರ್ತಾವ. ಹದಿನೈದು ಲಕ್ಷ ಅಧಿಕೃತ ಬಂಡವಾಳದ ತನಕಾ ಕೇಂದ್ರದ ನೋಂದಣಿ ಶುಲ್ಕನೂ ಇಲ್ಲ, ರಾಜ್ಯದ ಸ್ಟ್ಯಾಂಪ್ ಡ್ಯೂಟಿ ಅಷ್ಟ. ಧಂದೆ ಮಾಡವರಿಗೆ ಇದು ಛಲೋನ ಆತು, ನಾ ಬ್ಯಾಡನ್ನೂದಿಲ್ಲ. ಆದ್ರ ಕಂಪನಿ ತಗಿಯೂದು ಹಗರ ಆದಂಗ ಸಹಿ ಕೇಳೂದೂ ಹಗರ ಆತು. ಮೊಬೈಲ್ ಸಿಮ್ ತಗೋಂಡಂಗ ಕಂಪನಿ ತಗೋತಾರ.

ಈಗ ಆ ಇಬ್ಬರ ಲೆಕ್ಕ. ಪ್ರೈವೇಟ್ ಲಿಮಿಟೆಡ್‌ಗೆ ಇಬ್ಬರು ಡೈರೆಕ್ಟರ್ ಬೇಕು, ಇಬ್ಬರು ಶೇರುದಾರರು ಬೇಕು. ಆ ಇಬ್ಬರ ಇವರೂ ಆಗಬಹುದು. ಶೇರುದಾರರು ಅಂದ್ರ ಮಾಲಕರು. ಡೈರೆಕ್ಟರ್ ಅಂದ್ರ ನಡಸವರು. ಇದನ್ನ ನಮ್ಮ ಮನಿ ಮಾತಿನ್ಯಾಗ ಹೇಳ್ತೀನಿ: ಮನಿ ಮಾಲಕಿ ಬ್ಯಾರೆ, ಕೀಲಿಕೈ ಸೆರಗಿಗೆ ಕಟಗೊಂಡು ಮನಿ ನಡಸಾಕಿ ಬ್ಯಾರೆ. ಕಳುವಾದ್ರ ಪೊಲೀಸ್ರು ಮೊದ್ಲ ಕೇಳೂದು ಕೀಲಿಕೈ ಇದ್ದಾಕಿನ್ನ. ನಮ್ಮ ಹೆಣ್ಣಮಕ್ಕಳಿಗೆ ಏನ ಮಾಡ್ತಾರಂದ್ರ ಕೀಲಿಕೈ ಸೆರಗಿಗೆ ಕಟ್ತಾರ, ಮನ್ಯಾಗ ಒಂದು ಮೂಲಿನೂ ಕೊಡೂದಿಲ್ಲ. ಹತ್ತು ಸಾವಿರ ಶೇರಿನ್ಯಾಗ ನೂರು ಶೇರು, ಒಮ್ಮೊಮ್ಮೆ ಒಂದ ಒಂದು ಶೇರು. ಹತ್ತ ರೂಪಾಯಿದ್ದು.

ಇದೇನ್ ನಮ್ಮ ಹುಡುಗೂರು ಕಂಡ ಹಿಡದ ಉಪಾಯ ಅಲ್ಲ. ಕಂಪನಿ ಕಾಯ್ದೆ ಓದೂ ಹುಡುಗೂರಿಗೆ ಕಲಸೂ ಮೊದಲನೇ ಖಟ್ಲೆನ ಇದರದ್ದು. ಲಂಡನ್ನಿನ್ಯಾಗ ಆರನ್ ಸಾಲೊಮನ್ ಅಂತ ಒಬ್ಬ ಬೂಟು ಮಾಡೂ ವ್ಯಾಪಾರಿ ಇದ್ದ. 1892ರಾಗ ತನ್ನ ಧಂದೆನ ಕಂಪನಿ ಮಾಡಿದ. ಆಗಿನ ಅಲ್ಲಿ ಕಾಯ್ದೆಗೆ ಏಳು ಮಂದಿ ಬೇಕಿತ್ತು. ಏಳು ಮಂದಿ ಎಲ್ಲಿಂದ ತರಬೇಕು? ತಾನೊಬ್ಬ, ಹೆಂಡ್ತಿ, ಒಬ್ಬಾಕಿ ಮಗಳು, ನಾಲ್ಕ ಮಂದಿ ಗಂಡ ಮಕ್ಕಳು, ಲೆಕ್ಕ ಬರೋಬ್ಬರಿ ಆತು. ಹೆಂಡ್ತಿ ಮಕ್ಕಳಿಗೆ ಒಂದೊಂದು ಶೇರು, ಅಂವಗ 20,001. ಕಂಪನಿ ಲಗೂನ ದಿವಾಳಿ ಆತು. ಕಂಪನಿ ಹೆಸರಿಗಷ್ಟ ಅದ, ಒಳಗ ಇರಾಂವ ಅಂವ ಒಬ್ಬನ, ಸಾಲಾ ಅಂವನ ತೀರಸ್ಬೇಕು ಅಂತ ವಾದಾ ನಡೀತು. ಕೆಳಗಿನ ಕೋರ್ಟು ಹೌದು ಅಂತು. 1896ರ ನವೆಂಬರ್‌ದಾಗ ಅಲ್ಲಿ ಎಲ್ಲಾಕ್ಕಿಂತ ದೊಡ್ಡ ಕೋರ್ಟು, ಹೌಸ್ ಆಫ್ ಲಾರ್ಡ್ಸ್, ಇಲ್ಲ ಅಂತು. ಕಾಯ್ದೆ ಕೇಳಿದಷ್ಟು ಮಂದಿ ಸಹಿ ಮಾಡ್ಯಾರ, ಕಂಪನಿ ಬ್ಯಾರೆ, ಸಾಲೊಮನ್ ಬ್ಯಾರೆ ಅಂತ ತೀರ್ಪು ಕೊಡ್ತು. ಇವತ್ತಿನ ತನಕಾ ನಮ್ಮ ಕೋರ್ಟಿನ್ಯಾಗೂ ಆ ತೀರ್ಪಿನ ಮಾತು ಬರ್ತದ. ಪುಸ್ತಕದಾಗ ಎಲ್ಲಾರೂ ಸಾಲೊಮನ್ ಬಗ್ಗೆ ಬರೀತಾರ. ಆ ಒಂದು ಶೇರಿನ ಹೆಂಡ್ತಿಗೆ ಯಾರರೆ "ಬಾಯಾರ, ಇದೇನು ಅಂತ ಗೊತ್ತದ ಏನು?" ಅಂತ ಕೇಳಿದ್ದರೊ ಇಲ್ಲೊ ಅಂತ ನನಗಂತೂ ಅನಸ್ತದ.

ಲಿಮಿಟೆಡ್ ಅನ್ನೂ ಶಬ್ದದ ಬಗ್ಗೆ ನಮ್ಮೊಳಗ ಭಾಳ ತಪ್ಪ ತಿಳುವಳಿಕಿ ಅದ. "ಲಿಮಿಟೆಡ್ ಅಂದ್ರ ಮನಿ ತನಕಾ ಬರಂಗಿಲ್ಲ ಕಾಕು" ಅಂತಾರ. ಅರ್ಧಾ ಖರೆ. ಶೇರುದಾರನ ಜವಾಬ್ದಾರಿ ಅಂವ ಹಾಕಿದ ಶೇರಿನ ರೊಕ್ಕಕ್ಕ ಅಷ್ಟ ಅಂತ ಅದರ ಅರ್ಥ. ಅದು ಶೇರುದಾರಗ ಹಿಡದ ಕೊಡಿ. ಒಂದು ಶೇರಿನಾಕಿಗೆ ಹತ್ತ ರೂಪಾಯಿ ಮಟ್ಟಿಗೆ ಕೊಡಿ ಸಿಕ್ಕಂಗ ಆತು. ಡೈರೆಕ್ಟರ್ ಅಂತ ಆಕಿ ನಿಂತಿದ್ದು ಮಾತ್ರ ಬಯಲಾಗ.

ಡೈರೆಕ್ಟರ್ ಮ್ಯಾಲೆ ಏನೇನ್ ಬರ್ತದ ಅಂತ ನಾ ಟೇಬಲ್ ಮ್ಯಾಲೆ ಕಂಡಿದ್ದು ಹೇಳ್ತೀನಿ. ಕಂಪನಿ ಧಂದೆ ಮಾಡ್ಲಿ ಬಿಡಲಿ, ವರ್ಷಾ ವರ್ಷಾ ಲೆಕ್ಕಪತ್ರ ಮತ್ತ ವಾರ್ಷಿಕ ವರದಿ ಅಂತ ಎರಡು ಫಾರ್ಮ್ ಸರ್ಕಾರಕ್ಕ ಹೋಗಬೇಕು. ತಡಾ ಆದ್ರ ಒಂದೊಂದು ಫಾರ್ಮಿಗೆ ದಿನಕ್ಕ ನೂರು ರೂಪಾಯಿ. ಎರಡಕ್ಕೂ ಸೇರಿ ಇನ್ನೂರು. ಒಂದ ವರ್ಷ ಸುಮ್ಮನ ಕೂತ್ರ 73,000. ಇದಕ್ಕ ಇಂತಿಷ್ಟ ಅಂತ ಮಿತಿ ಇಲ್ಲ, ಮೀಟರ್ ಓಡ್ತನ ಇರ್ತದ. ಹುಡುಗಾ ಧಂದೆ ನಡೀಲಿಲ್ಲ ಅಂತ ಪುಣೆಕ್ಕ ನೌಕರಿಗೆ ಹೋಗಿಬಿಡ್ತಾನ. ಕಂಪನಿ ಸತ್ತದ ಅಂತ ಅಂವ ತಿಳಕೊಂಡಿರ್ತಾನ. ಅದು ಸತ್ತಿರೂದಿಲ್ಲ, ಹಾಸಿಗಿ ಹಿಡದಿರ್ತದ. ಸಾಯಲಿಕ್ಕೂ ಅದಕ್ಕ ಅರ್ಜಿ ಬೇಕು, ಶುಲ್ಕ ಬೇಕು, ಎಲ್ಲಾ ಡೈರೆಕ್ಟರ್‌ಗಳ ಪ್ರಮಾಣ ಪತ್ರ ಬೇಕು. ಮತ್ತ ಅವ್ವನ ಸಹಿ ಬೇಕು.

ಮೂರು ವರ್ಷ ಸಾಲಿಗೆ ಫಾರ್ಮ್ ಹಾಕಲಿಲ್ಲ ಅಂದ್ರ ಡೈರೆಕ್ಟರ್ ಆದವರು ಐದು ವರ್ಷ ಯಾವ ಕಂಪನಿಗೂ ಡೈರೆಕ್ಟರ್ ಆಗೂ ಹಂಗಿಲ್ಲ. 2017ರಾಗ ಕೇಂದ್ರ ಸರ್ಕಾರ ಹಿಂಗ ಮಲಗಿದ್ದ ಎರಡು ಲಕ್ಷಕ್ಕೂ ಹೆಚ್ಚು ಕಂಪನಿ ಪಟ್ಟಿಂದ ತಗದು ಹಾಕ್ತು, ಮೂರು ಲಕ್ಷಕ್ಕೂ ಹೆಚ್ಚು ಡೈರೆಕ್ಟರ್‌ಗಳನ್ನ ಅನರ್ಹ ಮಾಡ್ತು. ಆ ವರ್ಷ ನಮ್ಮ ಆಫೀಸಿಗೆ ಬಂದ ಒಬ್ಬಾಕಿನ್ನ ನಾ ಮರೀಲಿಕ್ಕೆ ಆಗಿಲ್ಲ. ಗಂಡ ತೀರಿಕೊಂಡಿದ್ರು. ತಾನ ಮನ್ಯಾಗ ಮಸಾಲಿ ಖಾರ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ ಮಾಡಿ ಮಾರತಿದ್ಲು. ಗಿರಾಕಿ ಬೆಳದಿತ್ತು, ಮಗಳ ಜೊತಿ ಸೇರಿ ಕಂಪನಿ ಮಾಡೂಣು ಅಂತ ಬಂದಿದ್ಲು. ಹೆಸರು ಹಾಕಿದ್ವಿ, ಪಟ್ಟ್ಯಾಗ ಬಂತು: ಅನರ್ಹ. ಮೈದುನ ಎಂಟ ವರ್ಷದ ಹಿಂದ ಒಂದು ಕಂಪನಿ ತಗದಿದ್ದ, ಆಕಿ ಅದರ ಡೈರೆಕ್ಟರ್. "ನಾನಾ? ನಾ ಯಾವಾಗ?" ಅಂದ್ಲು. ಆಮ್ಯಾಲೆ ನೆನಪಾತು, ದೀಪಾವಳಿ ಮುಂದ ಒಂದ್ ಸಂಜಿ ಬಂದು ಸಹಿ ತಗೊಂಡು ಹೋಗಿದ್ದ. ತಾನು ಒಂದು ರೂಪಾಯಿ ಕಾಣದ ಕಂಪನಿ ಸಂಬಂಧ ತಾನು ಬೆವರ ಸುರಿಸಿ ಕಟ್ಟಿದ ಧಂದೆಕ್ಕ ಅಡ್ಡ ಆತು. ಇದು ನನಗ ಸಹಿಸಲಿಕ್ಕೆ ಆಗೂದಿಲ್ಲ ನೋಡ್ರಿ. ಮೈದುನ ಕೆಟ್ಟಂವ ಅಲ್ಲ, ಅಂವಗೂ ಗೊತ್ತಿದ್ದಿಲ್ಲ. ಗೊತ್ತಿಲ್ಲದ ಇಬ್ಬರ ನಡುವ ನಷ್ಟ ಆಗಿದ್ದು ಆಕಿಗೆ.

ತೆರಿಗಿ ಬಾಕಿ ಉಳದ್ರ? ಪ್ರೈವೇಟ್ ಕಂಪನಿ ಇಂದ ವಸೂಲಿ ಆಗದ ಆದಾಯ ತೆರಿಗಿ, ಜಿಎಸ್‌ಟಿ ಡೈರೆಕ್ಟರ್ ಕಡಿಂದ ವಸೂಲಿ ಮಾಡ್ಲಿಕ್ಕೆ ಕಾಯ್ದ್ಯಾಗ ದಾರಿ ಅದ. ತನ್ನ ಹಲಗರ್ಜಿತನದಿಂದ ಹಿಂಗ ಆಗಿಲ್ಲ ಅಂತ ಡೈರೆಕ್ಟರ್‌ನ ತೋರಿಸಿಕೊಡಬೇಕು. ಕಾಗದಾನ ಓದದಾಕಿ ಏನಂತ ತೋರಸ್ತಾಳ? ಚೆಕ್ ಬೌನ್ಸ್ ಆದ್ರ ಕಂಪನಿ ನಡಸವರ ಮ್ಯಾಲೆನೂ ಖಟ್ಲೆ. ಬರೇ ಡೈರೆಕ್ಟರ್ ಅನ್ನೂ ಹೆಸರಿದ್ರ ಸಾಲದು, ಆ ವ್ಯವಹಾರ ನೋಡ್ಕೊತಿದ್ರು ಅಂತ ತೋರಸಬೇಕು ಅಂತ ಸುಪ್ರೀಂ ಕೋರ್ಟ್ ಹೇಳ್ಯದ, ಖರೆ. ಆದ್ರ ಆ ಮಾತು ಕೋರ್ಟಿಗೆ ಹೋಗಿ ಹೇಳಬೇಕಲ್ಲಾ. ಸಮನ್ಸು ಮೊದ್ಲ ಮನಿ ಬಾಗಲಿಗೆ ಬರ್ತದ, ಓಣಿ ಮಂದಿ ಎಲ್ಲಾ ನೋಡೂ ಹಂಗ.

ಇದೆಲ್ಲಾಕ್ಕಿಂತ ದೊಡ್ಡದು ಜಾಮೀನು. ಕಂಪನಿ ಸಾಲಾ ತಗೋಳೂ ಮುಂದ ಬ್ಯಾಂಕಿನವ್ರು ಡೈರೆಕ್ಟರ್‌ಗಳ ವೈಯಕ್ತಿಕ ಗ್ಯಾರಂಟಿ ಕೇಳ್ತಾರ. ಅಲ್ಲಿಗೆ ಲಿಮಿಟೆಡ್ ಅನ್ನೂ ಗ್ವಾಡಿಗೆ ಅವರ ಕೈಲೆ ಅವರ ತೂತು ಹೊಡಕೊಂಡಂಗ. ಜಾಮೀನುದಾರನ ಜವಾಬ್ದಾರಿ ಸಾಲಗಾರನಷ್ಟ ಅಂತ 1872ರ ಕರಾರು ಕಾಯ್ದೆ ಹೇಳ್ತದ. ಬ್ಯಾಂಕು ಮೊದ್ಲ ಕಂಪನಿನ್ನ ಕೇಳಿ ಆಮ್ಯಾಲೆ ನಿಮ್ಮ ಕಡೆ ಬರಬೇಕು ಅಂತೇನಿಲ್ಲ. ಕಂಪನಿ ದಿವಾಳಿ ಪ್ರಕ್ರಿಯೆ ಮುಗಿದ್ರೂ ಜಾಮೀನು ಕೊಟ್ಟವರ ಜವಾಬ್ದಾರಿ ತಾನ ತಾನ ಮುಗಿಯೂದಿಲ್ಲ ಅಂತ 2021ರಾಗ ಸುಪ್ರೀಂ ಕೋರ್ಟ್ ಹೇಳಿಬಿಟ್ಟದ.

ನಮ್ಮ ಪೈಕಿ ಒಬ್ಬಾಕಿ ಇದ್ದಾಳ. ಅಪ್ಪ ಕೊಟ್ಟ ರೊಕ್ಕ, ತನ್ನ ಶಿಕ್ಷಕಿ ಕೆಲಸದ ಉಳಿತಾಯ ಕೂಡಿಸಿ ತನ್ನ ಹೆಸರಿಲೆ ಮನಿ ಕಟ್ಟಿಸಿದ್ಲು. 1956ರ ಹಿಂದೂ ಉತ್ತರಾಧಿಕಾರ ಕಾಯ್ದ್ಯಾಗ ಹೆಣ್ಣಮಗಳ ಆಸ್ತಿ ಪೂರ್ತಿ ಆಕೀದು ಅಂತ ಬರದದಲ್ಲಾ, ಅದನ್ನ ಬರಸಲಿಕ್ಕೆ ಎಷ್ಟ ಮಂದಿ ಎಷ್ಟ ವರ್ಷ ಬಡದಾಡ್ಯಾರ. ಆಕಿ ಮಗಾ ರಟ್ಟಿನ ಡಬ್ಬಿ ಮಾಡೂ ಕಂಪನಿ ತಗದ. ಮಷೀನಿಗೆ ಸಾಲಾ. ಅವ್ವ ಡೈರೆಕ್ಟರ್, ಅವ್ವ ಜಾಮೀನುದಾರಳು, ಅವ್ವನ ಮನಿ ಅಡವು. ಒಂದ ಬೈಠಕದಾಗ ಮೂರೂ ಸಹಿ. ದೊಡ್ಡ ಗಿರಾಕಿ ರೊಕ್ಕ ಮುಳಗಿಸಿದ, ಕಂತು ನಿಂತು. ಅರವತ್ತ ದಿವಸದಾಗ ಸಾಲಾ ಕಟ್ಟರಿ ಅಂತ ನೋಟೀಸ್ ಬಂತು. ಆಕಿ ನನಗ ಫೋನ್ ಮಾಡಿ ಕೇಳಿದ್ದು ಒಂದ ಪ್ರಶ್ನೆ: "ಕಂಪನಿ ಲಿಮಿಟೆಡ್ ಅಲ್ಲೇನ?" ಈಗ ಮಗಳ ಮನಿ ಮ್ಯಾಲಿನ ಖೋಲ್ಯಾಗ ಇದ್ದಾಳ. ಮಗಾ ಬ್ಯಾರೆ ಕಡೆ ದುಡದು ತಿಂಗಳಾ ತಿಂಗಳಾ ರೊಕ್ಕ ಕಳಸ್ತಾನ, ಪಾಪ. ಮನಿ ಅಂತೂ ಹೋತು.

ಒಂದು ಮಾತು ನೆನಪಿಡ್ರಿ. ಸಣ್ಣ ಉದ್ಯಮಕ್ಕ ಒಂದು ಮಿತಿ ತನಕಾ ಸಾಲಕ್ಕ ಬ್ಯಾಂಕಿನವ್ರು ಆಸ್ತಿ ಅಡವು ಕೇಳಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮ ಅದ. ಅಡವು ಇಲ್ಲದ ಸಾಲಕ್ಕ ಸರ್ಕಾರದ ಖಾತ್ರಿ ಯೋಜನೆನೂ ಅದ. ಮಗಾ ಮನಿ ಕಾಗದಾ ಕೇಳಿದ್ರ, "ಅದು ಬ್ಯಾಡದ ಸಾಲದ ಬಗ್ಗೆ ಬ್ಯಾಂಕಿನ್ಯಾಗ ಕೇಳಿ ಬಾ ಮೊದ್ಲ" ಅಂತ ಕಳಸ್ರಿ. ಕೇಳದ ಯಾರೂ ತಾವಾಗೇ ಹೇಳೂದಿಲ್ಲ.

ಇಷ್ಟ ಹೇಳಿದ ಮ್ಯಾಲೆ ನನಗ ಬರೂ ಬೈಗುಳ ಗೊತ್ತದ. "ಅಲ್ರೀ, ಹೊಟ್ಟ್ಯಾಗ ಹುಟ್ಟಿದ ಮಗನ ಮ್ಯಾಲೆ ನಂಬಿಕಿ ಇಲ್ಲೇನು?" ನಮ್ಮ ವೈನಿನ ಕೇಳ್ಯಾರ ಇದನ್ನ. ಹಾಲಿನಂವ ಇಪ್ಪತ್ತ ವರ್ಷದಿಂದ ನಮ್ಮ ಮನಿಗೆ ಬರ್ತಾನ, ನಂಬಿಕಿ ಅದ. ಆದ್ರೂ ಹಾಲು ಬರದ ದಿವಸ ಕ್ಯಾಲೆಂಡರ್ ಮ್ಯಾಲೆ ಗುಂಡಗ ಗುರತ ಹಾಕ್ತೀವಿ. ಅಂವಗೂ ಅದರಿಂದ ಬೇಜಾರಿಲ್ಲ, ತಿಂಗಳ ಕಡೀಕ ಇಬ್ಬರಿಗೂ ಜಗಳ ಇಲ್ಲ. ಮಗನ ಮ್ಯಾಲೆ ನಂಬಿಕಿ ಇರೂದಕ್ಕ ಕಾಗದಾ ಓದಬೇಕು. ನಾಳೆ ಅಂವಗ ಏನರೆ ಆದ್ರ ಆ ಕಂಪನಿ ನೋಡವರು ನೀವ ಅಲ್ಲೇನು?

ಹೋದ ವರ್ಷ ನಮ್ಮ ಭಾವನ ಮಗಾ ಬಂದಿದ್ದ. ಸೋಲಾರ್ ಕೂಡಸೂ ಧಂದೆ, ಛಲೋ ಹುಡುಗಾ, ಕಷ್ಟ ಪಡ್ತಾನ. "ಕಾಕು, ನಿಮಗೆಲ್ಲಾ ಗೊತ್ತದ, ನೀವ ಡೈರೆಕ್ಟರ್ ಆಗ್ರಿ, ಬರೇ ಒಂದ ಸಹಿ."

"ಎಷ್ಟ ಶೇರು ಕೊಡ್ತಿ?" ಅಂದೆ.

ನಕ್ಕ. "ನಿಮಗ್ಯಾಕ ಕಾಕು ಶೇರು, ಎಲ್ಲಾ ನಿಮ್ಮದ ಅಲ್ಲೇನು?"

"ಎಲ್ಲಾ ನನ್ನದ ಅಂದ್ರ ಅರ್ಧಾನರೆ ಬರಕೊಡಪಾ."

ಚಹಾ ಆರಿ ತಣ್ಣಗ ಆಗೂತನಕಾ ಅಂವ ಸುಮ್ಮನ ಕೂತ. ಆಮ್ಯಾಲೆ ನಾ ಕೇಳಿದೆ, ನಿನ್ನ ಬಿಲ್ಲು, ಲೆಕ್ಕ, ಗಿರಾಕಿ ಫೋನು ಯಾರು ನೋಡ್ತಾರ? ಅಂವನ ಹೆಂಡ್ತಿ ನೋಡ್ತಾಳ. ಮತ್ತ ಆಕಿ ಯಾಕ ಡೈರೆಕ್ಟರ್ ಅಲ್ಲ? ಅದು ಅಂವನ ತಲ್ಯಾಗ ಬಂದ ಇದ್ದಿಲ್ಲ ಅಂತ. ಕಡೀಕ ಆಕಿನ ಡೈರೆಕ್ಟರ್ ಆದ್ಲು, ಹತ್ತು ಸಾವಿರ ಶೇರಿನ್ಯಾಗ ನಾಲ್ಕು ಸಾವಿರ ಆಕೀದು. ನಾ ಐದು ಸಾವಿರ ಕೇಳು ಅಂದಿದ್ದೆ, ಇರ್ಲಿ, ಗಂಡ ಹೆಂಡ್ತಿ ನಡುವಿನ ಮಾತು. ಸಹಿ ಟೋಕನ್ ಆಕಿ ತನ್ನ ಪರ್ಸಿನ್ಯಾಗ ಇಟಗೊಂಡಾಳ, ಅದು ನನಗ ಭಾಳ ಖುಷಿ ಆತು.

ಈ ಟೋಕನ್ ಬಗ್ಗೆ ಹೇಳ್ಲೇ ಬೇಕು. ಕಂಪನಿ ಕಾಗದಕ್ಕ ಈಗ ಪೆನ್ನಿನ ಸಹಿ ಕಮ್ಮಿ, ಡಿಜಿಟಲ್ ಸಹಿ ಹೆಚ್ಚು. ಪೆನ್ ಡ್ರೈವ್ ಹಂಗ ಒಂದು ಸಣ್ಣ ಸಾಮಾನು, ಅದಕ್ಕೊಂದು ಪಾಸ್‌ವರ್ಡು. ಮಾಡಸೂ ಮುಂದ ನಿಮ್ಮ ಮೊಬೈಲಿಗೆ ಓಟಿಪಿ ಬರ್ತದ, ನಿಮ್ಮ ವಿಡಿಯೋ ತಗೀತಾರ. ಅಷ್ಟ ನಿಮ್ಮ ಕೆಲಸ. ಆಮ್ಯಾಲೆ ಅದು ಎಲ್ಲೆ ಇರ್ತದ? ಆಡಿಟರ್ ಆಫೀಸಿನ ಡ್ರಾವರ್‌ದಾಗ, ಇಲ್ಲಾ ಮಗನ ಲ್ಯಾಪ್‌ಟಾಪ್ ಚೀಲದಾಗ. ನಮ್ಮ ಆಫೀಸಿನ್ಯಾಗ ಒಂದು ಹಳೇ ಬಿಸ್ಕೀಟ್ ಡಬ್ಬಿ ತುಂಬ ಇದ್ವು, ಪ್ರತಿಯೊಂದಕ್ಕೂ ಹೆಸರಿನ ಚೀಟಿ ಅಂಟಿಸಿ, ಹಿಂದ ಪಾಸ್‌ವರ್ಡ್ ಬರದು. ನೀವು ಇಲ್ಲೆ ಪಲ್ಯಾ ಹೆಚ್ಚಿಗೋತ ಕೂತಿರ್ತೀರಿ, ಅಲ್ಲೆ ನೀವು ಸಹಿ ಮಾಡ್ತಿರ್ತೀರಿ. ಬರೇ ಸಹಿ ಮಾಡಿದ ಖಾಲಿ ಚೆಕ್ ಬುಕ್ ಯಾರರೆ ಮಂದಿ ಕೈಯಾಗ ಬಿಟ್ಟ ಬರ್ತೀರೇನು? ಟೋಕನ್ ಮನ್ಯಾಗ ತಂದಿಡ್ರಿ. ಬೇಕಾದಾಗ ಒಯ್ಯಲಿ, ಏನಕ್ಕ ಅಂತ ಹೇಳಿ ಒಯ್ಯಲಿ.

ಮತ್ತ ಸಹಿ ಮಾಡೂ ಮುಂದ ಮೆಮೊರಾಂಡಂ ಅನ್ನೂ ಕಾಗದದ ಕಡೀ ಪುಟ ತಗಸ್ರಿ. ಮೊದಲ ಶೇರುದಾರರ ಹೆಸರು, ಅವರ ಮುಂದ ಯಾರಿಗೆ ಎಷ್ಟ ಶೇರು ಅಂತ ಅಲ್ಲೇ ಇರ್ತದ. ಉಳಿದ ಪುಟಾ ನಿಮಗ ತಿಳೀಲಿಲ್ಲಂದ್ರೂ ನಡೀತದ, ಈ ಒಂದು ಪುಟ ತಿಳೀದಂಗ ಏನೂ ಇಲ್ಲ. ಹೆಸರು, ಸಂಖ್ಯೆ, ಅಷ್ಟ. ಯಾವಾಗರೆ ಡೈರೆಕ್ಟರ್ ಆಗಿರಬಹುದು ಅಂತ ಸಂಶಯ ಇದ್ದವರು ಕಂಪನಿ ವ್ಯವಹಾರ ಮಂತ್ರಾಲಯದ ವೆಬ್‌ಸೈಟಿನ್ಯಾಗ ಕಂಪನಿ ಹೆಸರು ಹಾಕಿ ನೋಡಬಹುದು, ಡೈರೆಕ್ಟರ್ ಹೆಸರು ಬರ್ತಾವ. ಬ್ಯಾಡ ಅನ್ಸಿದ್ರ ರಾಜೀನಾಮೆ ಕೊಡ್ಲಿಕ್ಕೂ ಬರ್ತದ. ಕಂಪನಿಗೆ ಬರದ ಕೊಡ್ರಿ, ನೀವ ಸ್ವತಃ ರಿಜಿಸ್ಟ್ರಾರ್‌ಗೂ ಡಿಐಆರ್-11 ಅನ್ನೂ ಫಾರ್ಮಿನ್ಯಾಗ ತಿಳಸಬಹುದು. ಅಲ್ಲಿ ತನಕಾ ಆಗಿದ್ದಕ್ಕ ಜವಾಬ್ದಾರಿ ತಪ್ಪೂದಿಲ್ಲ, ಮುಂದಿಂದು ತಪ್ತದ. ಜಾಮೀನು ಮಾತ್ರ ರಾಜೀನಾಮೆ ಕೊಟ್ರ ಹೋಗೂದಿಲ್ಲ, ಅದನ್ನ ಬ್ಯಾಂಕ ಬಿಡಬೇಕು.

ಒಬ್ಬಂವನ ಧಂದೆ ಮಾಡಾಂವ ಇದ್ರ ಅಂವಗ ಎರಡನೇ ಸಹಿನ ಬ್ಯಾಡ. 2013ರ ಕಂಪನಿ ಕಾಯ್ದ್ಯಾಗ ಒನ್ ಪರ್ಸನ್ ಕಂಪನಿ, ಓಪಿಸಿ ಅಂತ ಮಾಡ್ಯಾರ. ಒಬ್ಬರ ಮಾಲಕರು, ಒಬ್ಬರ ಡೈರೆಕ್ಟರ್, ತೀರಿಕೊಂಡ್ರ ಯಾರಿಗೆ ಅಂತ ಒಬ್ಬರು ನಾಮಿನಿ. ಧಂದೆ ಇಷ್ಟಕ್ಕಿಂತ ಬೆಳದ್ರ ಓಪಿಸಿ ಬಿಟ್ಟು ಬ್ಯಾರೆ ನಮೂನಿ ಕಂಪನಿ ಆಗ್ಲೇಬೇಕು ಅನ್ನೂ ನಿಯಮನೂ 2021ರಾಗ ತಗದ್ರು. ಹುಡುಗೂರಿಗೆ ಇದು ಯಾಕ ಸೇರೂದಿಲ್ಲಂದ್ರ ಬೋರ್ಡಿನ ಮ್ಯಾಲೆ ಹೆಸರಿನ ಜೊತಿ ಓಪಿಸಿ ಅಂತ ಬರೀಬೇಕಾಗ್ತದ, ಗಿರಾಕಿಗೆ ಒಬ್ಬನ ಇದ್ದಾನ ಅಂತ ಗೊತ್ತಾಗ್ತದ. ಇನ್ನ ಹೊರಗಿನವರು ರೊಕ್ಕ ಹಾಕವರಿದ್ರ ಓಪಿಸಿ ನಡಿಯೂದಿಲ್ಲ ಅನ್ನೂದೂ ಖರೆ. ಆದ್ರ ನಮ್ಮ ಹುಡುಗೂರ ಪೈಕಿ ಹೊರಗಿನವರ ರೊಕ್ಕ ಬರೂದು ಎಷ್ಟ ಮಂದಿಗೆ?

ದೊಡ್ಡ ಕಂಪನಿ ಕಥಿ ಬ್ಯಾರೆ ಅಂತ ತಿಳೀಬ್ಯಾಡ್ರಿ. ಶೇರ್ ಬಜಾರಿನ್ಯಾಗ ಇರೂ ಕಂಪನಿಗಳಿಗೆ ಕಮ್ಮೀತ ಕಮ್ಮಿ ಒಬ್ಬಾಕಿ ಮಹಿಳಾ ಡೈರೆಕ್ಟರ್ ಇರಬೇಕು ಅಂತ ಅದ ಕಾಯ್ದ್ಯಾಗ ಬಂತು. ಎಷ್ಟೋ ಕಂಪನಿಯವ್ರು ಮನ್ಯಾಕಿನ್ನ ಕೂಡಿಸಿ ಕೈ ತೊಳಕೊಂಡ್ರು. ಆಮ್ಯಾಲೆ ಸೆಬಿ 2019ರಿಂದ ದೊಡ್ಡ 500 ಕಂಪನಿಗೆ, 2020ರಿಂದ 1000 ಕಂಪನಿಗೆ, ಆ ಮಹಿಳೆ ಮಾಲಕರ ಮನಿಯಾಕಿ ಅಲ್ಲದ ಸ್ವತಂತ್ರಳು ಇರಬೇಕು ಅಂತ ಮಾಡಬೇಕಾತು. ರೊಕ್ಕ ಎಷ್ಟಿದ್ರೂ ಯೋಚನಿ ಅದ.

ಇನ್ನ ತಾವ ಧಂದೆ ಮಾಡೂ ನಮ್ಮ ಹೆಣ್ಣಮಕ್ಕಳು. ರೊಟ್ಟಿ, ಹಪ್ಪಳ, ಹಿಂಡಿ, ಸೀರಿ, ಟೇಲರಿಂಗ್. "ಕಂಪನಿ ಮಾಡ್ಲೇನ ಕಾಕು?" ಅಂತ ಕೇಳವರಿಗೆ ನಾ ಹೇಳೂದು, ಹೆಸರು ಮೊದ್ಲ, ಕಂಪನಿ ಆಮ್ಯಾಲೆ. ಧಂದೆ ನಿಮ್ಮ ಹೆಸರಿಲೆ ಇರ್ಲಿ. ಉದ್ಯಮ್ ನೋಂದಣಿ ಪುಕ್ಕಟ ಆಗ್ತದ, ಆಧಾರ್ ಬೇಕು, ರೊಕ್ಕ ಕೇಳಿದ್ರ ಕೊಡಬ್ಯಾಡ್ರಿ. ತಿನ್ನೂ ಸಾಮಾನು ಮಾಡವರಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ, ನಾ ಮಾಡಿಸಿಕೊಟ್ಟ ಕಾಲಕ್ಕ ಸಣ್ಣ ಧಂದೆಕ್ಕ ವರ್ಷಕ್ಕ ನೂರು ರೂಪಾಯಿ ಇತ್ತು. ಕ್ಯೂಆರ್ ಕೋಡ್ ಯಾರ ಹೆಸರಿಂದು ಅನ್ನೂದನ್ನೂ ನೋಡ್ರಿ. 2025ರ ಜುಲೈದಾಗ ರಾಜ್ಯದ ವಾಣಿಜ್ಯ ತೆರಿಗಿ ಇಲಾಖೆ ಯುಪಿಐ ಲೆಕ್ಕಾ ನೋಡಿ ಸಣ್ಣ ಅಂಗಡಿಯವರಿಗೆ ನೋಟೀಸ್ ಕಳಸಿತ್ತಲ್ಲಾ, ಬೆಂಗಳೂರಾಗ ಎಷ್ಟೋ ಅಂಗಡಿಯವ್ರು ಕ್ಯೂಆರ್ ತಗದು ಕ್ಯಾಶ್ ಅಷ್ಟ ಅಂತ ಬೋರ್ಡ ಹಾಕಿದ್ರು. ಗಂಡನ ಅಂಗಡಿ ರೊಕ್ಕ ಹೆಂಡ್ತಿ ಖಾತೆಕ್ಕ ಬರ್ತಿದ್ರ ಪ್ರಶ್ನೆ ಕೇಳೂದು ಹೆಂಡ್ತಿಗೆ. ಸಾಮಾನು ಮಾರವರಿಗೆ ವರ್ಷಕ್ಕ 40 ಲಕ್ಷ ದಾಟಿದ್ರ ಜಿಎಸ್‌ಟಿ ನೋಂದಣಿ ಬೇಕು. ನಿಮ್ಮ ರೊಟ್ಟಿ ಅಲ್ಲಿ ತನಕಾ ಹೋಗ್ಲಿ, ಆಗ ಪೇಡಾ ಕೊಡಸ್ರಿ.

ಇಬ್ಬರು ಕೂಡಿ ಮಾಡವರು, ಅಕ್ಕ ತಂಗೇರು, ನೆಗೆಣ್ಯಾರು, ಆಜುಬಾಜು ಮನಿಯವರು, ಮೊದಲನೇ ರೊಟ್ಟಿ ಬಡಿಯೂ ಮುಂಚೆ ಒಂದು ಪಾಲುದಾರಿಕಿ ಪತ್ರ ಬರಕೊಳ್ಳ್ರಿ. ಬರಕೊಳ್ಳಲಿಲ್ಲಂದ್ರ 1932ರ ಕಾಯ್ದೆ ಪ್ರಕಾರ ಲಾಭಾ ನಷ್ಟಾ ಸಮಾ ಸಮಾ. ಒಬ್ಬಾಕಿ ನಸಿಕಲೆ ನಾಲ್ಕಕ್ಕ ಎದ್ದು ಇನ್ನೂರು ರೊಟ್ಟಿ ಬಡಿತಾಳ, ಇನ್ನೊಬ್ಬಾಕಿ ಹತ್ತಕ್ಕ ಬಂದು ಪ್ಯಾಕ್ ಮಾಡ್ತಾಳ, ಕಾಯ್ದೆಗೆ ಇಬ್ಬರೂ ಒಂದ. ಪಾಲುದಾರಿಕ್ಯಾಗ ಸಾಲಕ್ಕ ಇಬ್ಬರ ಮನಿನೂ ಹೊಣಿ, ಒಬ್ಬಾಕಿ ಓಡಿ ಹೋದ್ರ ಪೂರ್ತಿ ಇನ್ನೊಬ್ಬಾಕಿ ಮ್ಯಾಲೆ. ನೋಂದಣಿ ಮಾಡಸದಿದ್ರ ರೊಕ್ಕ ಕೊಡದ ಗಿರಾಕಿ ಮ್ಯಾಲೆ ಕೋರ್ಟಿಗೆ ಹೋಗಲಿಕ್ಕೂ ಬರೂದಿಲ್ಲ. ಸಾಲಾ ದೊಡ್ಡದಾಗ್ಲಿಕ್ಕೆ ಹತ್ತಿದ್ರ, ಕೆಲಸದವರನ್ನ ಇಟಗೊಂಡ್ರ, ಊರ ಹೊರಗಿನ ಅಂಗಡಿಗೆ ಉದ್ರಿ ಕೊಡ್ಲಿಕ್ಕೆ ಹತ್ತಿದ್ರ, ಆಗ ಕಂಪನಿ ಇಲ್ಲಾ ಎಲ್‌ಎಲ್‌ಪಿ ಯೋಚನಿ ಮಾಡ್ರಿ. ಅಷ್ಟೊತ್ತಿಗೆ ಯಾರು ಎಷ್ಟ ದುಡದ್ರು ಅಂತ ಲೆಕ್ಕಾನೂ ಇರ್ತದ, ಶೇರು ಹಂಚಲಿಕ್ಕೆ ಜಗಳ ಇಲ್ಲ.

ಲಿಜ್ಜತ್ ಪಾಪಡ್ ನಮಗೆಲ್ಲಾ ಗೊತ್ತು. 1959ರ ಮಾರ್ಚ್ 15ಕ್ಕ ಮುಂಬಯಿ ಗಿರಗಾಂವದಾಗ ಏಳು ಮಂದಿ ಹೆಣ್ಣಮಕ್ಕಳು 80 ರೂಪಾಯಿ ಸಾಲಾ ತಗೊಂಡು ಮಾಳಗಿ ಮ್ಯಾಲೆ ಹಪ್ಪಳಾ ಒಣಗಿಸಿ ಶುರು ಮಾಡಿದ್ದು. ಸಂಘದ ಕಾಯ್ದೆ ಪ್ರಕಾರ ನೋಂದಣಿ ಆಗಿದ್ದು 1966ರಾಗ, ಏಳು ವರ್ಷದ ಮ್ಯಾಲೆ. ಅಲ್ಲೆ ಹಪ್ಪಳಾ ಲಟ್ಟಸಾಕಿನ ಮಾಲಕಿ. ಕಂಪನಿನ ಮಾಡಲಿಲ್ಲ ಅವರು, ಆದ್ರ ಪಾಲು ಯಾರದು ಅನ್ನೂದನ್ನ ಮೊದ್ಲಿಂದ ಗಟ್ಟಿ ಮಾಡಿದ್ರು. ಸಾಲೊಮನ್ ಮನ್ಯಾಗೂ ಏಳು ಮಂದಿ, ಇಲ್ಲೂ ಏಳು ಮಂದಿ. ಅಲ್ಲೆ ಆರು ಮಂದಿ ಲೆಕ್ಕಕ್ಕ ಅಷ್ಟ ಇದ್ರು.

ಈಗ ಮಾರ್ಚ್ ಮುಗೀತು, ಹುಡುಗೂರಿಗೆ ಹೊಸಾ ವರ್ಷಕ್ಕ ಹೊಸಾ ಕಂಪನಿ ಹುಕಿ ಬರೂ ಕಾಲ. ಯಾರ ಮನ್ಯಾಗರೆ ಸಹಿ ಕೇಳ್ಲಿಕ್ಕೆ ಹತ್ತಿದ್ರ ಕಾಗದಾ ತಗೊಂಡು ನಮ್ಮ ಮನಿಗೆ ಬರ್ರಿ. ಬುಧವಾರ, ಶನಿವಾರ ಮಧ್ಯಾಹ್ನ ಮೂರರ ಮ್ಯಾಲೆ ಇರ್ತೀನಿ. ಮಗನ್ನೂ ಕರಕೊಂಡ ಬರ್ರಿ, ಅಂವಗೂ ಚಹಾ ಕೊಡ್ತೀನಿ. ಚಷ್ಮಾ ಮಾತ್ರ ಮರತು ಬರಬ್ಯಾಡ್ರಿ, ಹೋದ ಸಲ ಮೂರು ಮಂದಿ ನನ್ನ ಚಷ್ಮಾ ಒಂದನ್ನ ಹಂಚಿಕೊಂಡು ಓದೀರಿ.